ಎರಡು ಮೊಹರಿನ ಕಾಗದ

ತುಮಕೂರಿಗೆ ಬಂದ ಮೊದಲ ವಾರ ನಾನು ಒಂಬತ್ತು ಮನೆ ನೋಡಿದೆ. ಒಂಬತ್ತು ಮನೆಯವರೂ ನನ್ನನ್ನು ಕೂರಿಸಿ ನೀರು ಕೊಟ್ಟರು. ಯಾವ ಊರು, ಯಾವ ಜನ, ಏನು ಓದಲು ಬಂದದ್ದು ಎಂದು ವಿಚಾರಿಸಿದರು. ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಹೊರಡುವಾಗ ಎಲ್ಲರೂ ಒಂದೇ ಮಾತು ಹೇಳಿದರು: "ನೋಡೋಣ ಬುಡಿ." ಬುಡಿ ಎಂದರೆ ಬಿಡಿ. ಸಿಂದಗಿಯಿಂದ ಬಂದ ನಾನು, ಒಂಬತ್ತು ಮನೆ ಸಿಕ್ಕಿದವು, ಯಾವುದನ್ನು ಹಿಡಿಯಲಿ ಎಂದು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆ. ನಾಲ್ಕು ದಿನ ಕಾದರೂ ಒಬ್ಬರೂ ಫೋನ್ ಮಾಡಲಿಲ್ಲ.

ಹತ್ತನೆಯ ಮನೆ ಶಾರದಮ್ಮನವರದು. ಅವರು ನೀರು ಕೊಡಲಿಲ್ಲ. ಬಾಗಿಲಲ್ಲೇ ನಿಂತು, "ಒಂದು ರೂಮೈತೆ. ಬಿಸ್ನೀರು ವಾರಕ್ಕೆ ಮೂರು ದಿನ. ಗಂಡುಸ್ರು ಯಾರೂ ಬರ್ಕೂಡ್ದು. ಒಪ್ಗೆನಾ?" ಎಂದರು. ಒಪ್ಪಿಗೆ ಎಂದೆ. ಆಮೇಲೆ ಆ ಒಂಬತ್ತು ಮನೆಗಳ ಕಥೆ ಹೇಳಿದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅವ್ರು ಇಲ್ಲ ಅಂದವ್ರೆ ಕಣಮ್ಮ! ನಿಂಗೆ ಅಷ್ಟೂ ತಿಳೀಲಿಲ್ವಾ?"

ತಿಳಿಯಲಿಲ್ಲ. ನಮ್ಮಲ್ಲಿ ಬೇಡವಾದರೆ 'ಒಲ್ಲೆ' ಎನ್ನುತ್ತಾರೆ. ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಾರೆ. ಅಳು ಬರುತ್ತದೆ, ಸಿಟ್ಟು ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಇಲ್ಲ ಎನ್ನುವುದನ್ನು ಬಾಯಿಬಿಟ್ಟು ಹೇಳುವುದು ಮರ್ಯಾದೆಯಲ್ಲ. ಶಾರದಮ್ಮನ ಮನೆಯಲ್ಲಿ ಮೊದಲ ಸಲ ಮುದ್ದೆ ತಿಂದಾಗ ನಾನು ಅದನ್ನು ರೊಟ್ಟಿಯಂತೆ ಅಗಿದೆ. ಅವರು ನನ್ನ ಕೈ ಹಿಡಿದು, "ಬಸ್ಸಾರಲ್ಲಿ ಅದ್ದಿ ನುಂಗ್ಬೇಕು, ಅಗೀಬಾರ್ದು" ಎಂದರು. ಬಸ್ಸಾರು ಎಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನ ಸಾರು. ಮುದ್ದೆ ನುಂಗುವುದನ್ನು ಒಂದು ತಿಂಗಳಲ್ಲಿ ಕಲಿತೆ. ಮಾತು ನುಂಗುವುದನ್ನು ಕಲಿಯಲು ಮೂರು ವರ್ಷ ಬೇಕಾಯಿತು. ಕಲಿತದ್ದಕ್ಕೆ ಈಗ ನನ್ನ ಮೇಲೆಯೇ ನನಗೆ ಸಿಟ್ಟಿದೆ, ಅದನ್ನೇ ಊರಿನವರಿಗೆ ಹೇಳಲು ಕೂತಿದ್ದೇನೆ.

ನಾನು ಬಂದದ್ದು ಜಂಟಿ ವೈದ್ಯಕೀಯ ಡಿಪ್ಲೊಮಾ ಎಂಬ ಎರಡು ವರ್ಷದ ಓದಿಗೆ. ಜಂಟಿ ಎಂದರೆ ಇಲ್ಲಿಯ ಒಂದು ಖಾಸಗಿ ಸಂಸ್ಥೆ, ಸಮುದ್ರದಾಚೆಯ ಇನ್ನೊಂದು ಸಂಸ್ಥೆ ಸೇರಿ ಕೊಡುವ ಒಂದೇ ಪ್ರಮಾಣಪತ್ರ. ಅರ್ಧ ಪಾಠ ಇಲ್ಲಿ, ಅರ್ಧ ಕಂಪ್ಯೂಟರಿನಲ್ಲಿ. ಕೊನೆಗೆ ಬರುವ ಕಾಗದದ ಎಡಗಡೆ ಒಂದು ಮೊಹರು, ಬಲಗಡೆ ಇನ್ನೊಂದು. ಜಾಹೀರಾತಿನಲ್ಲಿ ಆ ಬಲಗಡೆಯ ಮೊಹರಿಗೆ ಚಿನ್ನದ ಬಣ್ಣ ಹಾಕಿದ್ದರು. ನನ್ನ ಅವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ಆದರೆ ಜಾಹೀರಾತಿನ ಮೇಲೆ ಬೆರಳಿಟ್ಟು, "ಎರಡದಾವಲ್ಲ ಬೇ! ಒಂದ್ ಹೋದ್ರ ಇನ್ನೊಂದ್ ಕೈ ಹಿಡಿತದ" ಎಂದಳು. ಆ ಮಾತಿಗೆ ನಾನೂ ತಲೆ ಆಡಿಸಿದೆ.

ಓದು ಮುಗಿಯಿತು. ಕಾಗದ ಬಂತು. ಅದನ್ನು ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡು ತುಮಕೂರಿನ ಆಸ್ಪತ್ರೆ, ನರ್ಸಿಂಗ್ ಹೋಮ್ ಎಲ್ಲ ಸುತ್ತಿದೆ. ಎಲ್ಲರೂ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಇದನ್ನು ಯಾವ ಕೌನ್ಸಿಲ್ಲಿನಲ್ಲಿ ನೋಂದಾಯಿಸಿದ್ದೀರಿ ಎಂದು ಕೇಳಿದರು. ಯಾವುದರಲ್ಲೂ ಇಲ್ಲ. ಇಲ್ಲಿಯ ಸಂಸ್ಥೆಗೆ ಹೋಗಿ ಕೇಳಿದರೆ ಮಾನ್ಯತೆ ಆಚೆಯವರ ಕೆಲಸ ಎಂದರು. ಆಚೆಯವರಿಗೆ ಇಮೇಲ್ ಹಾಕಿದರೆ ನಿಮ್ಮ ದೇಶದ ಪಾಲುದಾರರನ್ನು ಸಂಪರ್ಕಿಸಿ ಎಂದು ಉತ್ತರ ಬಂತು. ಒಂದು ಮೊಹರು ಇದ್ದಿದ್ದರೆ ಒಬ್ಬರ ಕುತ್ತಿಗೆ ಪಟ್ಟಿ ಹಿಡಿಯಬಹುದಿತ್ತು. ಎರಡು ಇದ್ದದ್ದಕ್ಕೆ ಇಬ್ಬರೂ ತಪ್ಪಿಸಿಕೊಂಡರು. ಆಸ್ಪತ್ರೆಯವರಾದರೂ ಇದು ನಡೆಯುವುದಿಲ್ಲ ಹೋಗಮ್ಮ ಎಂದರೇ? ಇಲ್ಲ. ಒಬ್ಬೊಬ್ಬರೂ ನಗುನಗುತ್ತಾ ನೋಡೋಣ ಎಂದರು. ಹೀಗೆ ಆರು ತಿಂಗಳು ಹೋದವು.

ಅವ್ವನಿಗೆ ನಾನು ಸತ್ಯ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ ಎಂದೆ. ಕೆಲಸ ಸಿಕ್ಕಿದ್ದಂತೂ ನಿಜ. ಮಾರುಕಟ್ಟೆ ಸಮೀಕ್ಷೆ ಮಾಡುವ ಏಜೆನ್ಸಿಯಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ನನ್ನ ಪಾಲಿನ ಜಾಗಗಳು. ನನ್ನ ಮೇಲಿನವರು ಸತೀಶ್ ಎಂಬ ಸೂಪರ್‌ವೈಸರ್. ಕೆಟ್ಟ ಮನುಷ್ಯ ಅಲ್ಲ. ಬಿಸಿಲಿದ್ದರೆ ಮಜ್ಜಿಗೆ ಕೊಡಿಸುತ್ತಿದ್ದರು. ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸುತ್ತದೆ.

ಕೆಲಸದ ರೀತಿ ಹೀಗೆ. ಜನರಿಗೆ ಏನು ಬೇಕು ಎಂದು ಒಂದೊಂದಾಗಿ ಕೇಳಿದರೆ ಎಲ್ಲವೂ ಬೇಕು ಎನ್ನುತ್ತಾರೆ. ಆದ್ದರಿಂದ ಕಾರ್ಡು ಮಾಡುತ್ತಾರೆ. ಒಂದೊಂದು ಕಾರ್ಡಿನಲ್ಲಿ ಒಂದೊಂದು ಬಗೆಯ ಸೋಪು: ಒಂದಕ್ಕೆ ಪರಿಮಳ ಇದೆ, ನೊರೆ ಕಮ್ಮಿ. ಇನ್ನೊಂದಕ್ಕೆ ನೊರೆ ಇದೆ, ಬೇಗ ಸವೆಯುತ್ತದೆ. ನಾಲ್ಕು ಕಾರ್ಡು ಮುಂದಿಟ್ಟು ಒಂದನ್ನು ಆರಿಸಿ ಎಂದರೆ, ಯಾವುದಕ್ಕಾಗಿ ಯಾವುದನ್ನು ಬಿಟ್ಟುಕೊಡುತ್ತಾರೆ ಎಂಬುದು ಹೊರಗೆ ಬರುತ್ತದೆ. ಮನಸ್ಸಿನ ಆಸೆಯನ್ನು ತೂಕಕ್ಕೆ ಹಾಕುವ ಕೆಲಸ ಇದು. ಮಾರ್ಕೋನಹಳ್ಳಿಯ ಹತ್ತಿರ ಒಬ್ಬ ಅಜ್ಜ ನಾಲ್ಕೂ ಕಾರ್ಡು ಓದಿಸಿಕೊಂಡು, "ಇವುಗಳಲ್ಲಿರೋ ಒಳ್ಳೇದೆಲ್ಲ ಸೇರ್ಸಿ ಒಂದ್ ಕಾರ್ಡ್ ಮಾಡ್ಕೊಂಡು ಬಾ ಮಗಾ, ತಗತೀನಿ" ಎಂದ. ಅವತ್ತು ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ನಾಲ್ಕಲ್ಲದೆ ಐದನೆಯದೊಂದು ಕಾರ್ಡು ಇರುತ್ತದೆ. ಅದರಲ್ಲಿ ಬರೆದಿರುವುದು ಇಷ್ಟೇ: ಇವುಗಳಲ್ಲಿ ಯಾವುದೂ ಬೇಡ. ಮೊದಲ ದಿನವೇ ಸತೀಶ್ ನನಗೆ ಹೇಳಿದ್ದರು: "ಅದನ್ನ ಮುಂದೆ ಇಡ್ಬೇಡಿ ರೇಣುಕಾ. ಅವ್ರಾಗೇ ಬೇಡ ಅಂದ್ರೆ ಮಾತ್ರ ತೋರ್ಸಿ. ಇಟ್ರೆ ಸುಸ್ತಾದೋರೆಲ್ಲ ಅದನ್ನೇ ಎತ್ಕೊಟ್ಟು ಎದ್ಬುಡ್ತಾರೆ." ಮನೆಗೆ ಬಂದು ಕೂತು ಚಹಾ ಕುಡಿದವಳಿಗೆ ಬೇಡ ಎನ್ನುವ ಜನ ಈ ಸೀಮೆಯಲ್ಲಿ ಎಲ್ಲಿದ್ದಾರೆ? ನಿಟ್ಟೂರಿನಲ್ಲಿ, ಸಿ.ಎಸ್. ಪುರದಲ್ಲಿ, ಕುಣಿಗಲ್ಲಿನಲ್ಲಿ, ಎಲ್ಲೂ ಒಬ್ಬರೂ ಅನ್ನಲಿಲ್ಲ. ಐದನೆಯ ಕಾರ್ಡು ನನ್ನ ಚೀಲದಲ್ಲೇ ಹೊಸದಾಗಿ ಉಳಿಯಿತು.

ಸೋಪು, ಟೀಪುಡಿ, ಅಡುಗೆ ಎಣ್ಣೆ ಆಯಿತು. ಈ ವರ್ಷ ಸತೀಶ್ ಹೊಸ ಕಟ್ಟು ಕೊಟ್ಟರು. ಬಿಚ್ಚಿ ನೋಡಿದರೆ ಸೋಪಲ್ಲ, ಓದು. ತರಗತಿ ಎಲ್ಲಿ, ಎಷ್ಟು ವರ್ಷ, ಮುಗಿದ ಮೇಲೆ ಕೆಲಸದ ಭರವಸೆ ಇದೆಯೇ, ಪ್ರಮಾಣಪತ್ರದ ಮೇಲೆ ಒಂದು ಮೊಹರೇ ಎರಡು ಮೊಹರೇ. ಹೆಸರು ಹಾಕಿರಲಿಲ್ಲ. ಆದರೆ ಆ ಚಿನ್ನದ ಬಣ್ಣ ನನಗೆ ಗೊತ್ತು.

"ಸರ್, ಇದು ಯಾರದು?" ಎಂದೆ.

"ನೀವು ಓದುದ್ರಲ್ಲ, ಅವ್ರದೇ. ಹೊಸ ಬ್ರಾಂಚ್ ಮಾಡ್ತಾವ್ರೆ. ಹಿಂದೆ ಇಂಥದೇ ಸರ್ವೇಲಿ ಎರಡನೇ ಮೊಹರಿಗೆ ಜನ ಸಾಯ್ತಾರೆ ಅಂತ ಬಂದಿತ್ತು. ಅದಕ್ಕೇ ಆ ಕೋರ್ಸು ಹುಟ್ಟಿದ್ದು. ಗೊತ್ತಿರ್ಲಿಲ್ವಾ?"

ಆ ಕಾಗದಕ್ಕೆ ನಾನು ಎರಡು ವರ್ಷ ಕೊಟ್ಟಿದ್ದೆ, ಅವ್ವ ರೊಟ್ಟಿ ಬಡಿದು ತನ್ನ ತೋಳು ಕೊಟ್ಟಿದ್ದಳು. ಅದು ರೋಗಿಗಾಗಿ ಹುಟ್ಟಿದ್ದಲ್ಲ, ವಿದ್ಯೆಗಾಗಿ ಹುಟ್ಟಿದ್ದಲ್ಲ. ಅವ್ವನಂಥ ಯಾರೋ ಒಬ್ಬಳು ಕಾರ್ಡಿನ ಮೇಲೆ ಬೆರಳಿಟ್ಟದ್ದಕ್ಕೆ ಹುಟ್ಟಿತ್ತು. ಹೊಟ್ಟೆಯ ಸಂಕಟವನ್ನು ಸೋಪಿನ ಪರಿಮಳದ ಹಾಗೆ ಅಳೆದಿದ್ದರು. ಅಲ್ಲೇ ಕಟ್ಟು ಎಸೆದು ಬರಬೇಕಿತ್ತು. ಎಸೆಯಲಿಲ್ಲ. ಬಾಡಿಗೆ ಇತ್ತು, ಅವ್ವನಿಗೆ ಹೇಳಿದ ಸುಳ್ಳಿತ್ತು. ಚೀಲಕ್ಕೆ ಹಾಕಿಕೊಂಡು ಗುಬ್ಬಿ ಬಸ್ಸು ಹತ್ತಿದೆ.

ಗುಬ್ಬಿಯಲ್ಲಿ ಫರ್ಜಾನಾ ಅವರ ಮನೆ ಮುಖ್ಯರಸ್ತೆಯಿಂದ ಎರಡು ಗಲ್ಲಿ ಒಳಗೆ. ಗಂಡ ಹತ್ತಿಯ ಹಾಸಿಗೆ ಹೊಲಿಯುವವರು. ಪಡಸಾಲೆಯಲ್ಲೂ ಹತ್ತಿಯ ಎಳೆ ಹಾರಾಡುತ್ತಿತ್ತು. ಮಗಳು ಸಲ್ಮಾ ಪಿಯುಸಿ ಮುಗಿಸಿದ್ದಳು. ಆಪಾ ಎಂದು ಕರೆದೆ, ಆಪಾ ಎಂದರೆ ಅಕ್ಕ. ಅವರಿಗೆ ಅಷ್ಟಕ್ಕೇ ಖುಷಿಯಾಯಿತು. ಚಹಾ ಬಂತು, ಬಿಸ್ಕತ್ತು ಬಂತು. ನಾಲ್ಕು ಕಾರ್ಡು ಹರಡಿದೆ. ತಾಯಿ ಮಗಳು ಬಹಳ ಹೊತ್ತು ನೋಡಿದರು. ಮದುವೆಗೆ ಸೀರೆ ಆರಿಸುವಾಗ ಕೂಡ ಜನ ಅಷ್ಟು ಯೋಚಿಸುವುದಿಲ್ಲ. ಕೊನೆಗೆ ಫರ್ಜಾನಾ ಆಪಾ ಒಂದನ್ನು ಎತ್ತಿಕೊಂಡರು: ಗುಬ್ಬಿಯಲ್ಲೇ ತರಗತಿ, ಎರಡು ಮೊಹರು, ಮುಗಿದ ಕೂಡಲೇ ಕೆಲಸ.

"ಇದು ಬರ್ತದಾ ಮೇಡಂ?" ಎಂದು ಕೇಳಿದರು.

ನಿಯಮದ ಪ್ರಕಾರ ನಾನು ಅಭಿಪ್ರಾಯ ಹೇಳುವಂತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಆದರೆ ನಾನು ಮೂರು ವರ್ಷ ತುಮಕೂರಿನಲ್ಲಿ ಇದ್ದವಳಲ್ಲವೇ, ನಗುತ್ತಾ, "ಬರ್ಬೋದು ಆಪಾ, ನೋಡೋಣ" ಎಂದೆ. ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಆಫೀಸಿಗೆ ಬಂದು ಎಣಿಸಿದರೆ ಒಂದು ಕಾರ್ಡು ಇರಲಿಲ್ಲ. ಎಲ್ಲೋ ಬಸ್ಸಿನಲ್ಲಿ ಬಿದ್ದಿರಬೇಕು ಎಂದುಕೊಂಡೆ.

ಕೆಲವು ವಾರಗಳ ಮೇಲೆ ಮರುಭೇಟಿಗೆ ಹೋಗಬೇಕಾಯಿತು. ಹಿಂದಿನ ಉತ್ತರ ನಿಜವೇ ಎಂದು ಕೆಲವು ಮನೆಗಳಲ್ಲಿ ಮತ್ತೆ ಕೇಳುವ ಪದ್ಧತಿ. ಅದೊಂದು ಬುಧವಾರ ಮಧ್ಯಾಹ್ನ. ಫರ್ಜಾನಾ ಆಪಾ ನನ್ನನ್ನು ಕಂಡದ್ದೇ ಒಳಗೆ ಹೋಗಿ ಕಪಾಟಿನಿಂದ ಒಂದು ತಗಡಿನ ಡಬ್ಬಿ ತಂದರು. ರೇಷನ್ ಕಾರ್ಡು, ಆಧಾರ್, ಸಲ್ಮಾಳ ಅಂಕಪಟ್ಟಿ, ಅವುಗಳ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನನ್ನ ಕಾರ್ಡು.

"ಕ್ಲಾಸು ಯಾವತ್ತಿಂದ ಮೇಡಂ? ನಾವು ಕಾಯ್ತಾನೇ ಇದೀವಿ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಕಾರ್ಡು ಆರಿಸಿದರೆ ಸೀಟು ಸಿಕ್ಕಿತು ಎಂದು ಅವರು ತಿಳಿದಿದ್ದರು. ಯಾಕೆ ತಿಳಿಯಬಾರದು? ಒಬ್ಬಳು ಕೊರಳಲ್ಲಿ ಐಡಿ ಕಾರ್ಡು ಹಾಕಿಕೊಂಡು ಬಂದು, ಹೆಸರು, ವಿಳಾಸ, ಮಗಳ ವಯಸ್ಸು ಬರೆದುಕೊಂಡು, ಇವುಗಳಲ್ಲಿ ಯಾವುದು ಬೇಕು ಆರಿಸಿ ಎಂದರೆ ಅವರು ಬೇರೆ ಏನು ತಿಳಿಯಬೇಕು? ಬಾಗಿಲ ಹತ್ತಿರ ನಿಂತಿದ್ದ ಸಲ್ಮಾ ಮೆಲ್ಲಗೆ ಹೇಳಿದಳು: "ತುಮಕೂರಲ್ಲಿ ಸರ್ಕಾರಿ ಸೀಟು ಬಂದಿತ್ತು ಅಕ್ಕ, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ. ಅಮ್ಮಿ ಬೇಡ ಅಂದವ್ರೆ. ಶುಕ್ರವಾರ ಲಾಸ್ಟ್ ಡೇಟು."

"ಅದ್ರಲ್ಲಿ ಒಂದೇ ಮೊಹರು," ಎಂದರು ಫರ್ಜಾನಾ ಆಪಾ. "ಬಸ್ಸಲ್ಲಿ ಓಡಾಡ್ಬೇಕು ಬೇರೆ. ಇದು ಇಲ್ಲೇ ಗುಬ್ಬೀಲೇ ಐತಲ್ಲ."

"ಆಪಾ, ಇದು ಸೀಟಲ್ಲ. ಬರೀ ಪ್ರಶ್ನೆ. ಇಂಥ ಕೋರ್ಸು ಎಲ್ಲೂ ಇಲ್ಲ. ಕಾರ್ಡು ವಾಪಸ್ ಕೊಡಿ."

ಅವರ ಮುಖ ಬದಲಾಯಿತು. ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು. "ಯಾಕ್ ಕೊಡ್ಬೇಕು? ನೀವೇ ಕೊಟ್ಟಿದ್ದಲ್ವಾ? ಈಗ ಕಿತ್ಕೊಂಡು ಇನ್ಯಾರ್ಗೆ ಕೊಡ್ತೀರಾ?"

"ಯಾರಿಗೂ ಇಲ್ಲ ಆಪಾ. ಇದು ಬರೀ ಕೇಳೋದಕ್ಕೆ ಮಾಡಿದ್ದು."

"ಕೇಳೋದಕ್ಕೆ ಯಾರಾದ್ರೂ ಇಷ್ಟು ಚೆಂದ ಪ್ರಿಂಟ್ ಮಾಡುಸ್ತಾರಾ? ನಮ್ಗೇನೂ ತಿಳ್ಯಲ್ಲ ಅಂದ್ಕೊಂಡಿದೀರಾ? ದೊಡ್ಡೋರ್ ಯಾರೋ ಹೇಳವ್ರೆ, ಅವ್ರ ಮಗ್ಳಿಗೆ ಬೇಕಾಗೈತೆ. ಅದಕ್ಕೇ ಬಂದಿದೀರಾ."

ನಾನು ಸುಳ್ಳು ಹೇಳಿದಾಗ ಅವರು ನಂಬಿದ್ದರು, ನಿಜ ಹೇಳಿದಾಗ ಕಳ್ಳಿ ಎನ್ನುತ್ತಿದ್ದರು. ಸಿಟ್ಟು ನೆತ್ತಿಗೇರಿತು, ಅವರ ಮೇಲಲ್ಲ. ಆಸ್ಪತ್ರೆಗಳಿಗೆ ಅಲೆದ ಕಾಲದ ಅಭ್ಯಾಸ, ಆ ಪ್ಲಾಸ್ಟಿಕ್ ಫೈಲು ಇನ್ನೂ ನನ್ನ ಚೀಲದಲ್ಲೇ ಇರುತ್ತದೆ. ಹೊರಗೆ ತೆಗೆದು ಅವರ ಮುಂದೆ ಚಾಪೆಯ ಮೇಲೆ ಇಟ್ಟೆ. "ಓದು ಸಲ್ಮಾ" ಎಂದೆ.

ಸಲ್ಮಾ ಓದಿದಳು. ಹೆಸರು ಓದಿ ನನ್ನ ಮುಖ ನೋಡಿದಳು. ಫರ್ಜಾನಾ ಆಪಾ ಬಗ್ಗಿ ಎಡಗಡೆಯ ಮೊಹರನ್ನು ನೋಡಿದರು, ಬಲಗಡೆಯ ಚಿನ್ನದ ಬಣ್ಣದ ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನೀವು ಡಾಕ್ಟ್ರಾ?"

"ಅಲ್ಲ."

"ನರ್ಸಾ?"

"ಅಲ್ಲ ಆಪಾ."

"ಮತ್ತೇನು?"

"ಅದ ನನಗೂ ಗೊತ್ತಿಲ್ರೀ!" ಎಂದು ಕೂಗಿಬಿಟ್ಟೆ. ಮೂರು ವರ್ಷ ನುಂಗಿದ್ದ ನಮ್ಮ ಸಿಂದಗಿಯ ಮಾತು ಒಮ್ಮೆಲೇ ಹೊರಗೆ ಬಂತು. "ಎರಡು ಮೊಹರ ಅದಾವು, ಯಾ ದವಾಖಾನ್ಯಾಗೂ ನನಗ ಕೆಲಸ ಇಲ್ಲ. ಅದಕ್ಕ ನಿಮ್ಮ ಮನಿಗೆ ಬಂದು ಕಾರ್ಡು ಹಾಸಾಕತ್ತೀನಿ. ನಿಮ್ಮ ಮಗಳೂ ಇದನ್ನ ಮಾಡಬೇಕೇನು? ಆ ಒಂದ ಮೊಹರಿನ ಸೀಟು ಬಂಗಾರದಂಥಾದ್ದು ಐತ್ರೀ, ಬಿಡಬ್ಯಾಡ್ರೀ!"

ಅಳು ಬಂತು. ಆಪಾಗೆ ನನ್ನ ಮಾತು ಪೂರ್ತಿ ತಿಳಿಯಿತೋ ಇಲ್ಲವೋ, ಅಳುವುದು ತಿಳಿಯಿತು. ಡಬ್ಬಿಯಿಂದ ಕಾರ್ಡು ತೆಗೆದು ನನ್ನ ಮುಂದೆ ಇಟ್ಟರು. ಆಮೇಲೆ ಅವರು ಹೇಳಿದ ಮಾತು ನನಗೆ ಯಾವ ಬೈಗುಳಕ್ಕಿಂತಲೂ ಜಾಸ್ತಿ ತಾಗಿತು.

"ಅವತ್ತೇ ಹೇಳ್ಬೋದಿತ್ತಲ್ಲ ಬೇಟಾ. ನಮ್ಮನೇಲಿ ಚಾ ಕುಡುದ್ರಲ್ಲ."

ಮಾರನೆಯ ದಿನ ತಾಯಿ ಮಗಳು ತುಮಕೂರಿಗೆ ಬಂದರು. ಕಾಲೇಜಿನ ಕಚೇರಿಗೆ ನಾನೂ ಹೋದೆ. ಕ್ಲರ್ಕ್ ಕಾಗದಗಳನ್ನು ತಿರುವಿ, ಸಾಹೇಬ್ರು ಊಟಕ್ಕೆ ಹೋಗವ್ರೆ, ನೋಡೋಣ ಎಂದ. ನೋಡುವುದೇನಿಲ್ಲ, ಆಗುತ್ತದೋ ಇಲ್ಲವೋ ಈಗಲೇ ಹೇಳಿ ಎಂದೆ. ಅವನು ಈ ಹೆಂಗಸಿಗೆ ತಲೆ ಸರಿಯಿಲ್ಲ ಎಂಬಂತೆ ನೋಡಿದ. ಸಾಹೇಬರು ಬರುವ ತನಕ ಮೂವರೂ ಬಾಗಿಲಲ್ಲೇ ನಿಂತೆವು. ಮೂರು ಗಂಟೆಗೆ ಸಲ್ಮಾ ಸಹಿ ಹಾಕಿದಳು.

ಆ ಶನಿವಾರ ಕುಣಿಗಲ್ಲಿನಲ್ಲಿ ನನ್ನ ಪಾಲಿಗೆ ಹನ್ನೊಂದು ಮನೆ ಇದ್ದವು. ಹನ್ನೊಂದರಲ್ಲೂ ಐದನೆಯ ಕಾರ್ಡನ್ನು ಎಲ್ಲಕ್ಕಿಂತ ಮುಂದೆ ಇಟ್ಟೆ. ಒಬ್ಬ ಹೆಂಗಸು ಅದನ್ನು ಓದಿ ಉಸಿರು ಬಿಟ್ಟಳು. "ಇದೂ ಐತಾ? ಮೊದ್ಲೇ ಹೇಳ್ಬಾರ್ದಾ! ನಿಮ್ಗೆ ಬೇಜಾರಾಗ್ತದೆ ಅಂತ ಯಾವ್ದೋ ಒಂದು ಎತ್ಕೊಳ್ಳೋಣ ಅಂತಿದ್ದೆ." ಅಷ್ಟು ದಿನ ನಾನು ಬರೆದುಕೊಂಡು ಬಂದ ಆಸೆಗಳಲ್ಲಿ ಎಷ್ಟು ಆಸೆ, ಎಷ್ಟು ದಾಕ್ಷಿಣ್ಯ? ಅದನ್ನು ಅಳೆಯುವ ಕಾರ್ಡು ಯಾರ ಹತ್ತಿರವೂ ಇಲ್ಲ. ಇಂಥ ದಾಕ್ಷಿಣ್ಯದ ಮೇಲೆ ಕಾಲೇಜು ಕಟ್ಟುತ್ತಾರೆ, ಮಕ್ಕಳ ವರ್ಷಗಳನ್ನು ತಿನ್ನುತ್ತಾರೆ, ಕೇಳಿದರೆ ಜನರಿಗೆ ಬೇಕಾದದ್ದನ್ನೇ ಕೊಟ್ಟೆವು ಎನ್ನುತ್ತಾರೆ.

ಸತೀಶ್ ಫಾರಂಗಳನ್ನು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. "ಏನ್ ಮಾಡ್ಬುಟ್ರಿ ರೇಣುಕಾ? ಎಲ್ರೂ ಯಾವುದೂ ಬೇಡ ಅಂದವ್ರೆ. ಕ್ಲೈಂಟಿಗೆ ಏನ್ ಹೇಳ್ಲಿ?"

"ಬೇಡವಂತೆ ಅಂತ ಹೇಳಿ ಸರ್."

ಸೋಮವಾರದಿಂದ ಬರಲೋ ಬೇಡವೋ ಎಂದು ಕೇಳಿದೆ. ಅವರು ನನಗೊಂದು ಮಜ್ಜಿಗೆ ಕೊಡಿಸಿ, ಹೆಗಲ ಮೇಲಿನ ಬ್ಯಾಗು ಸರಿಮಾಡಿಕೊಳ್ಳುತ್ತಾ, "ನೋಡೋಣ ಬುಡಿ" ಎಂದರು. ಈ ಸಲ ನಾನು ಬೆಂಚಿನ ಮೇಲೆ ಕೂತು ಕಾಯಲಿಲ್ಲ. ಹತ್ತು ದಿನ ಅಲೆದು, ರಕ್ತಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಹಿಡಿದೆ. ಸಲ್ಮಾ ಎಂದಾದರೂ ಅಲ್ಲಿಗೆ ಟೆಕ್ನಿಷಿಯನ್ ಆಗಿ ಬಂದರೆ ನನ್ನ ಮೇಲಿನವಳಾಗುತ್ತಾಳೆ. ಅವಳಿಗೆ ಇದನ್ನು ಹೇಳಿದಾಗ ನಕ್ಕು, "ಅಕ್ಕ, ನೀವೂ ಬಂದು ಫಸ್ಟ್ ಇಯರ್‌ಗೆ ಸೇರ್ಕೊಳಿ" ಎಂದಳು. ತಮಾಷೆಗೆ ಹೇಳಿದ ಮಾತು, ಆದರೂ ಮುಂದಿನ ವರ್ಷದ ಅರ್ಜಿ ಯಾವಾಗ ಎಂದು ವಿಚಾರಿಸಿ ಬಂದಿದ್ದೇನೆ.

ಈಗ ನಾನು ಯಾವ ಊರಿನವಳು? ಶಾರದಮ್ಮನ ಜೊತೆ ಮಾತಾಡುವಾಗ ಬುಡಮ್ಮ, ಬರ್ತೀನಿ, ಇದೀನಿ ಎನ್ನುತ್ತೇನೆ. ಸಿಟ್ಟು ಬಂದರೆ ಮಾತ್ರ ಸಿಂದಗಿಯವಳು. ಇಲ್ಲಿ ನಾನು ಹೆಸರು ಬರೆಯುವ ಹುಡುಗಿ. ನಮ್ಮ ಓಣಿಯಲ್ಲಿ ನಾನು ಡಾಕ್ಟರ್ ಬಾಯಿ. ಊರಿಗೆ ಹೋದರೆ ಜನ ರಿಪೋರ್ಟು ಹಿಡಿದುಕೊಂಡು ಬರುತ್ತಾರೆ, ಅದಕ್ಕೇ ಎರಡು ಹಬ್ಬದಿಂದ ಹೋಗಿಲ್ಲ. ದಿನಾ ಸಂಜೆ ಅವ್ವ ಫೋನ್ ಮಾಡುತ್ತಾಳೆ. "ದವಾಖಾನಿಂದ ಬಂದೇನ ಬೇ? ಉಂಡಿ? ನಿನಗ ಖೋಲಿ ಯಾವಾಗ ಕೊಡ್ತಾರ, ಡಾಕ್ಟರಗೋಳಿಗೆ ಕೊಡೂವಂಥಾದ್ದು?" ಎಂದು ಕೇಳುತ್ತಾಳೆ. ನಾನು ನೋಡೋಣವ್ವ ಎನ್ನುತ್ತೇನೆ.

ನಮ್ಮ ಅವ್ವ ಸಿಂದಗಿಯವಳು. ನೋಡೋಣ ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ಅದಕ್ಕೇ ಮರುದಿನ ಮತ್ತೆ ಕೇಳುತ್ತಾಳೆ.

ಫರ್ಜಾನಾ ಆಪಾನ ಡಬ್ಬಿಯಿಂದ ನನ್ನ ಕಾರ್ಡು ವಾಪಸ್ ತಂದೆ. ಸಿಂದಗಿಯಲ್ಲಿ ನಮ್ಮ ಮನೆಯ ದೇವರ ಮಾಡಿನಲ್ಲಿ, ಅಂದರೆ ಗೋಡೆಯ ಗೂಡಿನಲ್ಲಿ, ಎರಡು ಮೊಹರಿನ ಕಾಗದದ ಕಲರ್ ಝೆರಾಕ್ಸು ಇದೆ, ಅವ್ವ ಕಟ್ಟು ಹಾಕಿಸಿ ಇಟ್ಟಿದ್ದಾಳೆ. ದಿನಾ ಅದಕ್ಕೂ ವಿಭೂತಿ ಹಚ್ಚುತ್ತಾಳೆ. ಅದನ್ನು ವಾಪಸ್ ತರುವ ಧೈರ್ಯ ನನಗೆ ಇಷ್ಟು ದಿನ ಆಗಲಿಲ್ಲ. ಇದನ್ನು ಓದುವ ನಮ್ಮ ಓಣಿಯವರು ಯಾರಾದರೂ ಇದ್ದರೆ, ಖಾನಾವಳಿಗೆ ಹೋಗಿ ಅವ್ವನನ್ನು ಕೂರಿಸಿ ಕೊನೆಯ ತನಕ ಓದಿ ಹೇಳಿ. ನಡುವೆ ನಿಲ್ಲಿಸಬೇಡಿ. ಅವ್ವ, ಅದನ್ನ ಮಾಡಿನ್ಯಾಗಿಂದ ತಗಿ. ನಾ ಡಾಕ್ಟರ್ ಅಲ್ಲ.